ಗುಂಡಿ ಒತ್ತಿ ಬಿಟ್ಟರೆ ಬೆಳಕು

ಚನ್ನಪಟ್ಟಣದ ನನ್ನ ಸೋದರಮಾವನವರ ಮನೆಯ ಅಟ್ಟದಲ್ಲಿ ಒಂದು ಹಳೆಯ ಮೇಜುದೀಪ ಬಿದ್ದಿತ್ತು. ತಗಡಿನ ಮೈ, ಬಾಗುವ ಕತ್ತು, ಸಣ್ಣದೊಂದು ಟ್ಯೂಬು, ಬುಡದಲ್ಲಿ ಎರಡು ಗುಂಡಿ. ಮಾವ ಮರದ ಆಟಿಕೆ ಕಡೆಯುತ್ತಿದ್ದ ಕಾಲದಲ್ಲಿ ಅದು ಲೇತಿನ ಪಕ್ಕದಲ್ಲಿತ್ತು. ಪಿ.ಯು.ಸಿ. ಓದುವ ಮೊಮ್ಮಗಳು ತನಗೆ ಬೇಕೆಂದು ಇಳಿಸಿ, ಪ್ಲಗ್ ಹಾಕಿದಳು. ದೀಪವೇನೋ ಹತ್ತಿತು. ಕತ್ತು ಬಾಗಿಸಲು ಹೋದಾಗ ಶಾಕ್ ಹೊಡೆಯಿತು. ಪುಣ್ಯಕ್ಕೆ ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿಯಿತ್ತು.

“ಎಸೆದುಬಿಡೋಣಪ್ಪ” ಎಂದರು ಮಾವ. “ಯಾಕೆ ಹೊಡೀತು ಅಂತ ನೋಡೋಣ ಇರಿ ಮಾವ” ಎಂದೆ.

ಮೊದಲು ಈ ದೀಪ ಹತ್ತುವ ಬಗೆಯನ್ನು ತಿಳಿಯೋಣ. ಟ್ಯೂಬಿನ ಎರಡು ತುದಿಗಳಲ್ಲಿ ಒಂದೊಂದು ತಂತು, ಒಳಗೆ ಸ್ವಲ್ಪ ಪಾದರಸದ ಆವಿ. ಗುಂಡಿಯನ್ನು ಒತ್ತಿ ಹಿಡಿದಾಗ ವಿದ್ಯುತ್ತು ಚೋಕ್, ಮೊದಲ ತಂತು, ಗುಂಡಿ, ಎರಡನೆಯ ತಂತು, ಹೀಗೆ ಸಾಲಾಗಿ ಹರಿಯುತ್ತದೆ. ತಂತುಗಳು ಕಾದು ಇಲೆಕ್ಟ್ರಾನುಗಳನ್ನು ಹೊರಸೂಸುತ್ತವೆ. ಒಂದೆರಡು ಸೆಕೆಂಡಿನ ನಂತರ ಬೆರಳು ತೆಗೆದರೆ ಆ ದಾರಿ ಥಟ್ಟನೆ ಕಡಿಯುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತ ಪ್ರೇರಣೆಯ ಫಲವಾಗಿ ಚೋಕಿನ ಸುರುಳಿಯಲ್ಲಿ ಕ್ಷಣಕಾಲ ಹೆಚ್ಚಿನ ವೋಲ್ಟೇಜು ಹುಟ್ಟಿ, ಟ್ಯೂಬಿನೊಳಗೆ ವಿದ್ಯುತ್ತು ಹಾಯುತ್ತದೆ. ಪಾದರಸದ ಆವಿ ಸೂಸುವ ಅತಿನೇರಳೆ ಕಿರಣವನ್ನು ಗಾಜಿನ ಒಳಲೇಪ ಬಿಳಿ ಬೆಳಕಾಗಿಸುತ್ತದೆ. ಆಮೇಲೆ ಪ್ರವಾಹ ಮಿತಿಮೀರದಂತೆ ತಡೆಯುವುದೂ ಚೋಕಿನ ಕೆಲಸವೇ. ಮನೆಯ ಹಳೆಯ ಟ್ಯೂಬ್‌ಲೈಟಿನಲ್ಲಿ ಸ್ಟಾರ್ಟರ್ ತಾನಾಗಿ ಮಾಡುವುದನ್ನು ಇಲ್ಲಿ ನಮ್ಮ ಬೆರಳು ಮಾಡುತ್ತದೆ.

ಪ್ಲಗ್ ಕಿತ್ತಿಟ್ಟು ಬುಡ ಬಿಚ್ಚಿದೆವು. ಕತ್ತಿನೊಳಗಿನ ವೈರಿನ ರಬ್ಬರು ಒಣಗಿ ಪುಡಿಯಾಗಿ, ತಾಮ್ರ ತಗಡಿಗೆ ತಾಗಿತ್ತು. ಪ್ಲಗ್ಗಿಗೆ ಎರಡೇ ಪಿನ್ನು. ಮೈಗೆ ಅರ್ತ್ ಇರಲಿಲ್ಲ. ದೀಪ ಹತ್ತಿತೆಂದ ಮಾತ್ರಕ್ಕೆ ಸರಿಯಿದೆ ಎಂದಲ್ಲ, ಇದೇ ಇಲ್ಲಿನ ಮುಖ್ಯ ಪಾಠ. ಹಾಗೆಂದು ಚೋಕ್ ಕೆಟ್ಟಿರಲಿಲ್ಲ. ಅದರ ಮೇಲೆ ಬರೆದ ವೋಲ್ಟೇಜು ನಮ್ಮ 230ಕ್ಕೆ, ವ್ಯಾಟು ಟ್ಯೂಬಿಗೆ ಹೊಂದುತ್ತಿದ್ದವು. ಹೊರದೇಶದಿಂದ ತಂದ 110 ವೋಲ್ಟಿನ ದೀಪವಾಗಿದ್ದರೆ ನೇರವಾಗಿ ಹಾಕುವಂತೆಯೇ ಇರಲಿಲ್ಲ.

ಪರಿಚಯದ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಅವರು ಹೇಳಿಕೊಟ್ಟಂತೆ ಹುಡುಗಿ ಮೊದಲು ಹಳೆಯ ಜೋಡಣೆಯ ಚಿತ್ರ ಬರೆದಿಟ್ಟುಕೊಂಡಳು. ಬಳಿಕ ಮೂರೆಳೆಯ ಹೊಸ ವೈರು ಬಂತು. ಕಂದು ಎಳೆ ಫೇಸ್. ಅದು ಮೊದಲು ಸ್ವಿಚ್ಚಿಗೆ, ಅಲ್ಲಿಂದ ಚೋಕಿಗೆ. ನೀಲಿ ಎಳೆ ನ್ಯೂಟ್ರಲ್. ಹಸಿರು-ಹಳದಿ ಎಳೆ ಅರ್ತ್. ಬಣ್ಣ ಕೆರೆದು ತಗಡಿಗೆ ಬೋಲ್ಟಿನಿಂದ ಬಿಗಿದದ್ದಾಯಿತು. ವೈರು ಒಳಹೋಗುವ ತೂತಿಗೆ ರಬ್ಬರಿನ ಬಳೆ, ತುದಿಗೆ ಮೂರು ಪಿನ್ನಿನ ಪ್ಲಗ್. ಅರ್ತ್ ಪಿನ್ನು ಉದ್ದವಾಗಿರುವುದೇಕೆ ಗೊತ್ತೆ? ರಕ್ಷಣೆ ಮೊದಲು ತಾಗಬೇಕು, ಕೊನೆಗೆ ಬಿಡಬೇಕು. ತಗಡಿಗೂ ಉಳಿದೆರಡು ಎಳೆಗಳಿಗೂ ಸಂಪರ್ಕವಿಲ್ಲವೆಂದು ಮೆಗ್ಗರಿನಿಂದ ಪರೀಕ್ಷಿಸಿದ ಮೇಲೆಯೇ ಪ್ಲಗ್ ಹಾಕಿದ್ದು.

ಆಗ ಮಾವ ಒಂದು ಮಾತು ನೆನೆದರು: “ಈ ಬೆಳಕಲ್ಲಿ ತಿರುಗೋ ತುಂಡು ಒಂದೊಂದ್ಸಲ ನಿಂತ ಹಾಗೇ ಕಾಣೋದು.” ಅದು ಭ್ರಮೆಯಾದರೂ ಸುಳ್ಳಲ್ಲ. ನಮ್ಮ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಆದ್ದರಿಂದ ಇಂಥ ದೀಪದ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಸೆಕೆಂಡಿಗೆ 25 ಸುತ್ತು ತಿರುಗುವ ಚೌಕದ ತುಂಡು ಒಂದು ಏರಿಕೆಯಿಂದ ಇನ್ನೊಂದಕ್ಕೆ ಸರಿಯಾಗಿ ಕಾಲು ಸುತ್ತು ಸುತ್ತಿರುತ್ತದೆ, ನಿಂತಂತೆಯೇ ತೋರುತ್ತದೆ. ನಿಂತಿದೆಯೆಂದು ಕೈಯಿಟ್ಟರೆ ಗತಿಯೇನು? ಓದುವ ಮೇಜಿಗೆ ಈ ದೀಪ ಸರಿ. ಲೇತಿಗೆ ಇದೊಂದನ್ನೇ ನಂಬಬಾರದು.

ಎಲ್‌ಇಡಿ ಕಡಿಮೆ ವಿದ್ಯುತ್ತಿನಲ್ಲಿ ಬೆಳಗುತ್ತದೆ, ಅದರಲ್ಲಿ ಪಾದರಸವಿಲ್ಲ. ಹೊಸ ದೀಪ ಕೊಳ್ಳುವವರು ಅದನ್ನೇ ಕೊಳ್ಳಲಿ. ಇರುವ ಟ್ಯೂಬು ಒಡೆದರೆ ಕಿಟಕಿ ತೆರೆದು ಹೊರಗಿದ್ದು, ಆಮೇಲೆ ಚೂರುಗಳನ್ನು ಪೊರಕೆ ಮುಟ್ಟಿಸದೆ ದಪ್ಪ ಕಾಗದದಿಂದ ಬಳಿದು ತೆಗೆಯಿರಿ. ಹಳೆಯ ದೀಪ ಸಿಕ್ಕಿದರೆ ಮಾತ್ರ ಬಲ್ಲವರು ಜೊತೆಯಲ್ಲಿಲ್ಲದೆ ಪ್ಲಗ್ ಹಾಕಬೇಡಿ, ಬಿಚ್ಚಲೂ ಬೇಡಿ.

ಕೊನೆಗೆ ಗುಂಡಿ ಒತ್ತಿದವರು ಮಾವ. ಒತ್ತಿ, ಮನಸ್ಸಿನಲ್ಲೇ ಎರಡೆಣಿಸಿ, ಬಿಟ್ಟರು. ದೀಪ ಹತ್ತಿತು. ಮೊಮ್ಮಗಳು ಕತ್ತು ಹಿಡಿದು ತನ್ನ ಪುಸ್ತಕದ ಕಡೆಗೆ ಬಾಗಿಸಿಕೊಂಡಳು.