ಪೇಟೆ ಬೆಳೆಯಲಿ, ಹಳ್ಳಕ್ಕೆ ದಾರಿ ಬಿಟ್ಟು
(ಪರಿಸರ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಶಿರಸಿ ಪೇಟೆಯ ಬೆಳವಣಿಗೆಯ ಬಗ್ಗೆ ಹಳ್ಳಿಯವರ ಸಭೆಯಲ್ಲಿ ಮಾತನಾಡುವುದೇಕೆ ಎಂದು ಕೆಲವರಿಗೆ ಅನಿಸಿರಬಹುದು. ಆದರೆ ಶಿರಸಿಯನ್ನು ಕಟ್ಟಿದವರು ಪೇಟೆಯ ಜನ ಮಾತ್ರವಲ್ಲ. ಸುತ್ತಲಿನ ತೋಟಗಳ ಅಡಿಕೆ, ಕಾಳುಮೆಣಸು, ಏಲಕ್ಕಿಗಳು ಇಲ್ಲಿಗೆ ಬಾರದೇ ಹೋಗಿದ್ದರೆ ಅದು ಇಷ್ಟು ದೊಡ್ಡ ಮಾರುಕಟ್ಟೆಯಾಗುತ್ತಿರಲಿಲ್ಲ. 1923ರಲ್ಲಿ ತೋಟಗಾರರು ಇಲ್ಲಿ ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡರು. ಹಾಗಿರುವಾಗ ಈ ಪೇಟೆ ಎತ್ತ ಬೆಳೆಯಬೇಕೆಂದು ಹೇಳುವ ಹಕ್ಕು ನಮಗೂ ಉಂಟು.

ಎರಡನೆಯ ಕಾರಣ ನೀರಿನದು. ಅಘನಾಶಿನಿಯ ಒಂದು ಮೂಲ ಮಂಜುಗುಣಿಯಲ್ಲಿದ್ದರೆ ಮತ್ತೊಂದು ಮೂಲ ಶಿರಸಿಯ ಶಂಕರಹೊಂಡ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟವಿಳಿದು, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿಸಲಾಯಿತು. ಅಲ್ಲಿ ಬಳಚು ಆಯುವ ಹೆಂಗಸರೂ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವ ರೈತರೂ ನಮ್ಮ ನೀರನ್ನು ನಂಬಿ ಬದುಕುತ್ತಿದ್ದಾರೆ. ಬಹುತೇಕ ಪೇಟೆಗಳು ನದಿಯ ದಂಡೆಯಲ್ಲಿರುತ್ತವೆ. ನಮ್ಮದು ನದಿಯ ನೆತ್ತಿಯ ಮೇಲಿದೆ. ಇಲ್ಲಿನ ಗಟಾರಕ್ಕೆ ಬಿಟ್ಟದ್ದು ಮೊದಲು ಸೇರುವುದು ತೋಟದ ಹಳ್ಳವನ್ನು.

ಪೇಟೆ ಬೆಳೆಯಲೇಬಾರದೆಂದು ಹೇಳುವ ಗೆಳೆಯರು ನಮ್ಮಲ್ಲಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ತೋಟದ ಪಾಲು ಚಿಕ್ಕದಾಗುತ್ತ ಹೋದಂತೆ ನಮ್ಮ ಮಕ್ಕಳಿಗೆ ಉದ್ಯೋಗವೂ ಮನೆಯೂ ಬೇಕು. ಅದು ಶಿರಸಿಯಲ್ಲಿ ಸಿಗದಿದ್ದರೆ ಅವರು ಬೆಂಗಳೂರಿಗೆ ಹೋಗುತ್ತಾರೆ. ಪ್ರಶ್ನೆ ಬೆಳೆಯಬೇಕೇ ಎಂಬುದಲ್ಲ, ಯಾವ ನೆಲದ ಮೇಲೆ ಬೆಳೆಯಬೇಕು ಎಂಬುದು.

ನಮ್ಮ ನೆಲದ ಸ್ವಭಾವವನ್ನು ಸ್ವಲ್ಪ ನೋಡೋಣ. ಗುಡ್ಡದ ಮೇಲಿನ ಜಂಬಿಟ್ಟಿಗೆ ಕಲ್ಲಿನ ನೆಲ ತೂತು ತೂತಾಗಿದ್ದು ಮಳೆನೀರನ್ನು ಹೀರಿಕೊಳ್ಳುತ್ತದೆ. ಬೆಟ್ಟದ ಮರ, ದರಕು ಆ ನೀರು ಓಡಿಹೋಗದಂತೆ ತಡೆಯುತ್ತವೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟುಕೊಟ್ಟದ್ದು ಗೊಬ್ಬರಕ್ಕೆಂದೇ ಆದರೂ, ಆ ಬೆಟ್ಟ ಕಾಯ್ದದ್ದು ಬಾವಿಯನ್ನು ಕೂಡ. ಇಂಗಿದ ನೀರು ನಿಧಾನವಾಗಿ ಕಣಿವೆಯ ಗದ್ದೆಯಲ್ಲಿ ಒಸರುತ್ತದೆ. ಗುಡ್ಡದ ನೆತ್ತಿಯನ್ನು ಜೆಸಿಬಿಯಿಂದ ಕಡಿದು, ಅದೇ ಮಣ್ಣಿನಿಂದ ಕೆಳಗಿನ ಗದ್ದೆಯನ್ನು ತುಂಬಿ ನಿವೇಶನ ಮಾಡಿದರೆ, ಹೀರುವ ನೆಲ ಮತ್ತು ಹಿಡಿದಿಡುವ ನೆಲ ಎರಡೂ ಒಂದೇ ಬೇಸಿಗೆಯಲ್ಲಿ ಹೋಗುತ್ತವೆ. ಅಂಥದೊಂದು ಬಡಾವಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಆಷಾಢದಲ್ಲಿ ಅಂಗಳದೊಳಗೆ ಹಳ್ಳ, ಏಪ್ರಿಲ್‌ನಲ್ಲಿ ಬಾವಿಯ ತಳದಲ್ಲಿ ಕೆಸರು. ಉಳಿದ ನೀರೂ ವಾಸನೆ ಹಿಡಿದಿತ್ತು, ಏಕೆಂದರೆ ಜಂಬಿಟ್ಟಿಗೆ ನೆಲ ಮಳೆನೀರನ್ನು ಹೀರುವಂತೆಯೇ ಶೌಚದ ಗುಂಡಿಯ ನೀರನ್ನೂ ಹೀರುತ್ತದೆ. ಮನೆ ಕಟ್ಟಿಸಿದವರನ್ನು ನಾನು ದೂರುವುದಿಲ್ಲ; ಅಲ್ಲಿ ಹಳ್ಳವಿತ್ತೆಂದು ಅವರಿಗೆ ಹೇಳಿದವರೇ ಇರಲಿಲ್ಲ.

ಹೇಳಬೇಕಾದದ್ದು ನಕ್ಷೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ತಯಾರಾಗುವ ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಕರಡನ್ನು ಪ್ರಕಟಿಸಿದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶವಿದೆ. ಆ ಅರವತ್ತು ದಿನ ನಾವು ಕೊನೆಕೊಯ್ಲಿನಲ್ಲಿಯೋ ಮದುವೆಯ ಗಡಿಬಿಡಿಯಲ್ಲಿಯೋ ಇರುತ್ತೇವೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. ಮರವನ್ನು ಅಪ್ಪಬಹುದು, ನಕ್ಷೆಯನ್ನು ಓದಲೇಬೇಕು. ಹಳದಿ ಬಣ್ಣ ವಸತಿಗೆ, ಹಸಿರು ಉದ್ಯಾನ ಮತ್ತು ಬಯಲಿಗೆ ಎಂಬಷ್ಟು ತಿಳಿದರೂ ಅರ್ಧ ಕೆಲಸವಾಯಿತು.

ಇಂಥ ನಕ್ಷೆಗಳಲ್ಲಿ ಸಾಮಾನ್ಯವಾಗಿ ಮೊದಲು ರಸ್ತೆಗಳನ್ನು ಎಳೆದು, ಉಳಿದ ಜಾಗದಲ್ಲಿ ನೀರಿಗೆ ದಾರಿ ಹುಡುಕುತ್ತಾರೆ. ನಾವು ಕೇಳಬೇಕಾದದ್ದು ಇದರ ತಿರುವುಮುರುವು: ಮೊದಲು ಹಳ್ಳ, ಒರತೆ, ಕೆರೆ, ಕೆರೆಗೆ ನೀರು ತರುವ ಕಾಲುವೆಗಳನ್ನು ಗುರುತಿಸಲಿ, ಆಮೇಲೆ ಮನೆ. ಶಿರಸಿಯ ನಾಗರಿಕರು ಕೈಯಿಂದ ಹಣ ಹಾಕಿ ಕೆರೆಗಳ ಹೂಳೆತ್ತಿದ್ದು ದೊಡ್ಡ ಕೆಲಸ. ಆದರೆ ಕಾಲುವೆಯ ಮೇಲೆ ಅಂಗಡಿ ಎದ್ದರೆ ಹೂಳೆತ್ತಿದ ಕೆರೆ ತುಂಬುವುದು ಹೇಗೆ?

ಹೊಸ ನೆಲ ಅಗೆಯುವ ಮೊದಲು ಪೇಟೆಯ ಒಳಗಿನ ಹಳೆಯ ನೆಲವನ್ನೂ ನೋಡಬೇಕು. ಖಾಲಿ ಬಿದ್ದ ವಖಾರಿಗಳು, ಬಾಗಿಲು ಹಾಕಿದ ಮನೆಗಳು, ಉದ್ದನೆಯ ಹಿತ್ತಿಲುಗಳು ಎಷ್ಟಿವೆಯೆಂದು ಲೆಕ್ಕ ಹಾಕಲಿ. ನೀರು, ದೀಪ, ರಸ್ತೆ ಈಗಾಗಲೇ ಇರುವಲ್ಲಿ ಎರಡಂತಸ್ತು ಏರಿಸುವುದು ಗದ್ದೆ ತುಂಬುವುದಕ್ಕಿಂತ ಅಗ್ಗ. ಬಯಲೂ ಬೇಕು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಗದ್ದುಗೆಗೆ ಜಾಗ ಬೇಕೆಂಬ ಕಾರಣಕ್ಕೇ ಬಿಡಕಿಬೈಲು ಒಂದಿಷ್ಟಾದರೂ ಬಯಲಾಗಿ ಉಳಿದಿದೆ ಎಂದು ನನ್ನ ಭಾವನೆ. ಪ್ರತಿ ವಾರ್ಡಿಗೂ ಒಬ್ಬ ಮಾರಮ್ಮನನ್ನು ಎಲ್ಲಿಂದ ತರೋಣ?

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಶಂಕರಹೊಂಡದಿಂದ ಹೊರಟು ಹಳ್ಳದ ಗುಂಟ ನಡೆಯಿರಿ, ಮೇ ತಿಂಗಳಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ. ಎಲ್ಲಿ ಗಟಾರ ಸೇರುತ್ತದೆ, ಎಲ್ಲಿ ದಂಡೆ ಒತ್ತುವರಿಯಾಗಿದೆ, ಎಲ್ಲಿ ಬೇಸಿಗೆಯಲ್ಲೂ ನೀರು ಒಸರುತ್ತದೆ ಎಂದು ಗ್ರಾಮನಕ್ಷೆಯಲ್ಲಿ ಸರ್ವೆ ನಂಬರಿನೊಂದಿಗೆ ಬರೆದುಕೊಳ್ಳಿ. ದಾರಿಯಲ್ಲಿ ಸಿಗುವ ಹಿರಿಯರನ್ನು ಹಿಂದೆ ಹಳ್ಳ ಎಷ್ಟು ಅಗಲವಿತ್ತೆಂದು ಕೇಳಿ. ಕರಡು ಯೋಜನೆ ಪ್ರಕಟವಾದ ದಿನ ಆ ಹಾಳೆಗಳು ನಮ್ಮ ಕೈಯಲ್ಲಿರಬೇಕು.