ಶಿಶುಗಳ ಮನೋಭಾವವೂ ಚಿತ್ರಲೇಖನವೂ



ಕೊಟ್ಟಿಗೆಹಾರದ ಮಳೆ ಎಂತಹುದೆಂಬುದನ್ನು ಇಲ್ಲಿ ನೆರೆದವರಿಗೆ ತಿಳಿಸಬೇಕಾದುದಿಲ್ಲ. ಒಮ್ಮೆ ಹಿಡಿದ ಮಳೆ ವಾರಗಟ್ಟಲೆ ಬಿಡದೆ, ಘಾಟಿಯ ಮಂಜು ಅಂಗಳಕ್ಕೇರಿ, ಹಗಲಿನಲ್ಲಿಯೇ ದೀಪ ಹಚ್ಚಬೇಕಾದ ದಿನಗಳುಂಟು. ಅಂತಹ ದಿನಗಳಲ್ಲಿ ಮನೆಯೊಳಗೆ ಕುಳಿತ ನಾಲ್ಕೈದು ವರ್ಷದ ಕೂಸು ಕಾರಣವಿಲ್ಲದೆ ರಚ್ಚೆ ಹಿಡಿಯುವುದು, ತಂಗಿಯನ್ನು ಹೊಡೆಯುವುದು, ಅನ್ನದ ತಟ್ಟೆಯನ್ನು ತಳ್ಳುವುದು. ಹಿರಿಯರು ಅದನ್ನು ಹಟವೆಂದು ಗದರಿಸುವರು. ಅದು ಹಟವೋ, ಭಯವೋ, ದುಃಖವೋ ಎಂದು ವಿಚಾರಿಸುವವರು ವಿರಳ. ವಿಚಾರಿಸಿದರೂ ಕೂಸು ಹೇಳಲಾರದು. ಏಕೆಂದರೆ ಅದರ ಮನಸ್ಸಿನಲ್ಲಿ ಭಾವವುಂಟು, ಬಾಯಲ್ಲಿ ಅದರ ಹೆಸರಿಲ್ಲ. ಹೆಸರಿಲ್ಲದ ಆ ಭಾವಕ್ಕೆ ಮೊದಲು ರೂಪವನ್ನು ಕೊಟ್ಟು, ರೂಪದಿಂದ ಹೆಸರಿಗೆ ಕೂಸನ್ನು ನಡೆಯಿಸುವ ಸಾಧನಗಳಲ್ಲಿ ಚಿತ್ರಲೇಖನವು ಮುಖ್ಯವಾದುದೆಂಬುದೇ ಈ ಉಪನ್ಯಾಸದ ತಾತ್ಪರ್ಯ.

ಭಾವಗಳಿಗೆ ಹೆಸರಿಡುವ ವಿಷಯದಲ್ಲಿ ಪೂರ್ವಿಕರು ಮಾಡಿದ ವಿಚಾರವು ಅಲ್ಪವಾದುದಲ್ಲ. ಭರತಮುನಿಯ ನಾಟ್ಯಶಾಸ್ತ್ರವು ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂಬ 8 ಸ್ಥಾಯಿಭಾವಗಳನ್ನೂ, ಬಂದುಹೋಗುವ 33 ವ್ಯಭಿಚಾರಿಭಾವಗಳನ್ನೂ ಎಣಿಸಿದೆ. ಅಷ್ಟಕ್ಕೇ ನಿಲ್ಲದೆ ರಸಕ್ಕೊಂದು ವರ್ಣವನ್ನೂ ವಿಧಿಸಿದೆ: ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದುಬಣ್ಣ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಅದ್ಭುತಕ್ಕೆ ಹಳದಿ. ಭಾವವು ಕಣ್ಣಿಗೆ ಕಾಣುವಂತಹುದೆಂಬ ತತ್ತ್ವವು ಇದರಲ್ಲಿ ಅಡಗಿದೆ. ಚಾರ್ಮಾಡಿಯ ಕೆಳಗಣ ಸೀಮೆಯ ಯಕ್ಷಗಾನದಲ್ಲಿ ಬಣ್ಣದ ವೇಷವು ರಂಗಕ್ಕೆ ಬಂದಾಗ, ಅರ್ಥಗಾರಿಕೆಯ ಒಂದು ಮಾತೂ ತಿಳಿಯದ ಕೂಸು ಆ ಮುಖದಲ್ಲಿರುವ ಕ್ರೋಧವನ್ನು ಆ ಕ್ಷಣವೇ ಅರಿತು ತಾಯಿಯ ಸೆರಗಿಗೆ ಅಡಗುವುದಿಲ್ಲವೇ? ಮಾತಿಗಿಂತ ಮೊದಲು ಬಣ್ಣವು ಶಿಶುವಿಗೆ ತಿಳಿಯುವುದೆಂಬುದಕ್ಕೆ ಬೇರೆ ಸಾಕ್ಷ್ಯವು ಬೇಕಿಲ್ಲ.

ಈ ಬಣ್ಣಗಳಿಗಾಗಿ ಪೇಟೆಗೆ ಹೋಗಬೇಕಾದುದೂ ಇಲ್ಲ. ನೆನೆದ ಅಕ್ಕಿಯನ್ನು ಅರೆದರೆ ಬಿಳುಪು, ಒಲೆಯ ಬೂದಿಯಿಂದ ಬೂದುಬಣ್ಣ, ಧರೆಯ ಕೆಮ್ಮಣ್ಣಿನಿಂದ ಕೆಂಪು, ಬಚ್ಚಲೊಲೆಯ ಇದ್ದಲಿನಿಂದ ಕಪ್ಪು, ಅರಿಸಿನದಿಂದ ಹಳದಿ. ತೋಟದ ಯಜಮಾನನ ಮನೆಯಲ್ಲಿರುವಂತೆಯೇ ಕೂಲಿಯವರ ಲೈನುಮನೆಯಲ್ಲಿಯೂ ಇವೈದು ದೊರೆಯುವುವು.

ಆದರೆ ಶಾಸ್ತ್ರದ ವರ್ಣನಿಯಮವು ರಂಗಕ್ಕೆ ಸಂಬಂಧಿಸಿದುದು; ಶಿಶುವಿಗೆ ಅದನ್ನು ವಿಧಿಸತಕ್ಕದ್ದಲ್ಲ. 2019ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದ ಊರುಗಳಲ್ಲಿ ಗುಡ್ಡ ಕುಸಿದು, ಮನೆಗಳೂ ತೋಟಗಳೂ ಹಾಳಾದುದನ್ನು ಯಾರೂ ಮರೆತಿಲ್ಲ. ಆ ರಾತ್ರಿಗಳನ್ನು ಕಂಡ ಕೂಸಿಗೆ ಭಯದ ಬಣ್ಣವು ಕಪ್ಪಾಗಿರಲಾರದು. ಕುಸಿದ ಧರೆಯ ಕೆಂಪೇ ಅದಕ್ಕೆ ಭಯವಾಗಬಹುದು. ಹಿರಿಯರು ಮನೆಯ ಲೆಕ್ಕವನ್ನೂ ಗಿಡದ ಲೆಕ್ಕವನ್ನೂ ಬರೆದುಕೊಟ್ಟರು. ಕೂಸಿನ ಮನಸ್ಸಿನಲ್ಲಿ ಕುಸಿದುದರ ಲೆಕ್ಕವನ್ನು ಬರೆಯತಕ್ಕವರು ಯಾರು? ಅದರ ಕೈಗೆ ಬಣ್ಣವನ್ನು ಕೊಟ್ಟರೆ ಅದೇ ಬರೆಯುವುದು.

ಇದು ಬರಿಯ ಊಹೆಯಲ್ಲ. ವಿಯೆನ್ನಾ ನಗರದಲ್ಲಿ 1898ರಲ್ಲಿ ಜನಿಸಿದ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಚಿತ್ರಕಾರ್ತಿಯನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ನಾಜಿಗಳು ಯೆಹೂದ್ಯಳೆಂಬ ಕಾರಣದಿಂದ ತೆರೆಜಿನ್ ಎಂಬ ಬಂದೀನಿವಾಸಕ್ಕೆ ದೂಡಿದರು. ಅಲ್ಲಿ ಹಸಿವಿನಿಂದಲೂ ಅಗಲಿಕೆಯಿಂದಲೂ ಕಂಗೆಟ್ಟಿದ್ದ ಮಕ್ಕಳಿಗೆ ಆಕೆ ಗುಟ್ಟಾಗಿ ಚಿತ್ರ ಬರೆಯಿಸಿದಳು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಷ್‌ವಿಟ್ಸ್‌ಗೆ ಒಯ್ದು ಕೊಂದರು. ಆ ಮಕ್ಕಳಲ್ಲಿಯೂ ಬಹುಮಂದಿ ಉಳಿಯಲಿಲ್ಲ. ಎರಡು ಪೆಟ್ಟಿಗೆಗಳಲ್ಲಿ ಅಡಗಿಸಿಟ್ಟಿದ್ದ ಸುಮಾರು 4500 ಚಿತ್ರಗಳು ಮಾತ್ರ ಉಳಿದುವು. ಮರಣದ ಬಾಗಿಲಲ್ಲಿಯೂ ಮಕ್ಕಳಿಗೆ ಬಣ್ಣ ಬೇಕಾಯಿತೆಂಬುದನ್ನು ಅವು ಸಾರುತ್ತವೆ. ಇತ್ತ ಘಾಟಿಯಿಂದ ಬಹುದೂರವಲ್ಲದ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು (1902–1997) ಆಟ, ಕುಣಿತ, ನಾಟಕ, ಚಿತ್ರಗಳ ಮೂಲಕ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಯಿಸಿದುದು ಕನ್ನಡಿಗರಿಗೆಲ್ಲ ತಿಳಿದುದೇ ಆಗಿದೆ.

ಇನ್ನು ಕ್ರಮವನ್ನು ಕುರಿತು ಎರಡು ಮಾತು. ಕೂಸು ಶಾಂತವಾಗಿರುವ ವೇಳೆಯಲ್ಲಿ ಬಣ್ಣವನ್ನು ಮುಂದಿಟ್ಟು, ಏನನ್ನು ಬರೆಯಬೇಕೆಂದು ಹೇಳದೆ ಬಳಿಯಲ್ಲಿ ಕುಳಿತಿರತಕ್ಕದ್ದು. ಮರವು ನೀಲಿಯಾದರೂ, ಮನೆಗಿಂತ ನಾಯಿ ದೊಡ್ಡದಾದರೂ ತಿದ್ದಬಾರದು. ನೆರೆಮನೆಯ ಮಗುವಿನ ಚಿತ್ರದೊಡನೆ ಹೋಲಿಸಬಾರದು. ಬರೆದಾದ ಮೇಲೆ "ಇದೇನು?" ಎಂದು ಗದರುವ ಧ್ವನಿಯಲ್ಲಿ ಕೇಳದೆ, "ಇದರ ಕಥೆಯನ್ನು ಹೇಳು, ಮಗು" ಎಂದು ಕೇಳತಕ್ಕದ್ದು. ಕೂಸು "ಇಲ್ಲಿ ಗುಡ್ಡ ಬರ್ತಿದೆ, ಅವ್ವ ಒಳಗಿದ್ದಾಳೆ" ಎಂದರೆ, ಆಗ ತಾಯಿಯು "ನಿನಗೆ ಹೆದರಿಕೆಯಾಯಿತಲ್ಲವೇ?" ಎಂದು ಹೆಸರನ್ನು ಕೊಡಬೇಕು. ಅಲ್ಲಿಯವರೆಗೆ ಕೂಸು ಭಯದ ಒಳಗೆ ಇದ್ದಿತು. ಈಗ ಭಯವು ಕಾಗದದ ಮೇಲೆ, ಕೂಸಿನ ಕಣ್ಣ ಮುಂದೆ ಇರುವುದು. ಕಂಡುದನ್ನು ಗೆಲ್ಲುವುದು ಕಾಣದುದನ್ನು ಗೆಲ್ಲುವುದಕ್ಕಿಂತ ಸುಲಭ.

ಕೂಸು ಸುಮ್ಮನಿದ್ದರೆ ಒತ್ತಾಯಿಸಬಾರದು. ಕಪ್ಪು ಬಳಿದ ಮಾತ್ರಕ್ಕೆ ರೋಗವೆಂದು ಹಿರಿಯರೇ ಅರ್ಥ ಕಟ್ಟಲೂ ಬಾರದು. ಆದರೆ ನಿದ್ರೆ, ಆಹಾರ, ಆಟಗಳನ್ನು ವಾರಗಟ್ಟಲೆ ಬಿಟ್ಟ ಮಗುವನ್ನು ಚಿತ್ರವನ್ನೇ ನಂಬಿ ಮನೆಯಲ್ಲಿ ಇರಿಸಿಕೊಳ್ಳದೆ ವೈದ್ಯರಿಗೆ ತೋರಿಸತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋರೋಗಗಳಿಗೆಂದೇ ಒಂದು ವಿಭಾಗವುಂಟು.

ಕಡೆಯದಾಗಿ ಒಂದು ವಿಷಯ. ಕೋಪ ಬಂದುದು ತಪ್ಪಲ್ಲ, ತಂಗಿಯನ್ನು ಹೊಡೆದುದು ತಪ್ಪು. ಈ ಭೇದವನ್ನು ಬಾಲ್ಯದಲ್ಲಿ ಕಲಿಯದವನು ಪ್ರಾಯದಲ್ಲಿ ಮನೆಯವರ ಮೇಲೆ ಕೈಮಾಡುವನು. ಗಂಡುಹುಡುಗನು ಅಳಬಾರದೆಂಬ ಮಾತು ಮಲೆನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಳಲಾರದ ಬಾಲಕನ ಶೋಕವು ಇಂಗಿಹೋಗುವುದಿಲ್ಲ. ಗುಡ್ಡದೊಳಗೆ ನಿಂತ ನೀರಿನಂತೆ ಒಂದು ದಿನ ಧರೆಯನ್ನೇ ಕೆಡಹುವುದು. ಚರಂಡಿಯನ್ನು ತೆಗೆಯುವ ಕೆಲಸವನ್ನು ತೋಟಗಾರನು ಮಳೆಗೆ ಮುಂಚೆಯೇ ಮಾಡುವನು. ಮಕ್ಕಳ ವಿಷಯದಲ್ಲಿಯೂ ತಾಯಿತಂದೆಗಳು ಅದೇ ವಿವೇಕವನ್ನು ತೋರಲಿ. ಈ ಮಳೆಗಾಲದಲ್ಲಿ ಪ್ರತಿಯೊಂದು ಮನೆಯ ಜಗುಲಿಯಲ್ಲಿಯೂ ಒಂದು ಹಿಡಿ ಕೆಮ್ಮಣ್ಣು, ಒಂದು ತುಂಡು ಇದ್ದಲು, ಬಳಿಯಲ್ಲಿ ಕೇಳುವ ಕಿವಿಯುಳ್ಳ ಒಬ್ಬ ಹಿರಿಯರು ಇರಲಿ.