ಬಾಗಿಲ ಗಂಟೆ ಮತ್ತು ಒಳಗಿನ ಕೆಲಸ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ಕಂಪ್ಯೂಟರಿನ ಬಗ್ಗೆ ಮಾತನಾಡುತ್ತೇನೆ ಎಂದಾಗ ನಮ್ಮ ಕಾರ್ಯದರ್ಶಿಗಳು ನಕ್ಕರು. "ಸರ್, ನೀವು ಉರ್ದು, ಕನ್ನಡ ವ್ಯಾಕರಣದವರಲ್ಲವೆ?" ಎಂದರು. ಹೌದು, ನಾನು ಭಾಷೆಯ ಮೇಷ್ಟ್ರು. ಈ ವಿಷಯಕ್ಕೆ ನಾನಾಗಿಯೇ ಹೋದವನಲ್ಲ. ಒಂದು ಘಟನೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಯಿತು. ಅದನ್ನೇ ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗೆ ಅದು ಕೊನೆಯ ದಿನ. ಹಳೇಬೀಡಿನ ಕಡೆಯ ಒಬ್ಬ ಹುಡುಗಿ, ಪ್ರಥಮ ಪಿ.ಯು.ಸಿ., ತಂದೆಯ ಜೊತೆ ಜಾವಗಲ್ ದಾರಿಯ ಬಸ್ಸು ಹಿಡಿದು ಅರಸೀಕೆರೆಗೆ ಬಂದಿದ್ದಳು. ಇಂಟರ್‌ನೆಟ್ ಅಂಗಡಿಯಲ್ಲಿ ನಾನೇ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಸಿದೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಭಾವಚಿತ್ರ ಎಲ್ಲ ಸೇರಿಸಿದ್ದಾಯಿತು. ಕೊನೆಯ ಗುಂಡಿ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗುತ್ತಲೇ ಇತ್ತು. "ಮತ್ತೆ ಒತ್ತಮ್ಮ" ಎಂದೆ. ಒತ್ತಿದಳು. ಅಂಗಡಿಯಲ್ಲಿದ್ದವರೆಲ್ಲ ಮತ್ತೆ ಮತ್ತೆ ಒತ್ತುತ್ತಿದ್ದರು. ರಾತ್ರಿ ಅಂಗಡಿ ಮುಚ್ಚುವವರೆಗೂ ಅರ್ಜಿ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಆ ತಂದೆ ಮಗಳಿಗೆ, "ನೀನು ನಿಧಾನ ಮಾಡಿದೆ ಬೇಟಿ, ಅದಕ್ಕೇ ಹೀಗಾಯಿತು" ಎಂದರು. ಹುಡುಗಿ ತಲೆ ತಗ್ಗಿಸಿದಳು. ನಾನು ಸುಮ್ಮನಿದ್ದೆ. ಆ ವರ್ಷದ ಶುಲ್ಕವನ್ನು ಅವರು ಸಾಲ ಮಾಡಿ ಕಟ್ಟಿದರು.

ನನ್ನ ಆ ಮೌನ ಬಹಳ ದಿನ ನನ್ನನ್ನು ಚುಚ್ಚಿತು. ಒಂದೇ ಹೊತ್ತಿಗೆ ಬಹಳ ಜನ ಬಂದರೆ ಯಂತ್ರದ ಒಳಗೆ ಏನಾಗುತ್ತದೆ? ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಒಬ್ಬ ಹಳೆಯ ಶಿಷ್ಯನನ್ನು ಕೇಳಿದೆ. ರಜೆಗೆ ಬಂದಾಗ ಎರಡು ಸಂಜೆ ಕುಳಿತು ಅವನು ನನಗೆ ಪಾಠ ಹೇಳಿದ. ಇಂಥ ಯಂತ್ರ ನಿಲ್ಲಲು ಕಾರಣಗಳು ಹಲವು. ಅವುಗಳಲ್ಲಿ ಬಾಗಿಲಲ್ಲೇ ಆಗುವ ಒಂದನ್ನು ಅವನಿಂದ ಕಲಿತಂತೆ ನಿಮಗೆ ಒಪ್ಪಿಸುತ್ತೇನೆ.

ನೀವು ಕಳಿಸುವ ಅರ್ಜಿ ಇಡಿಯಾಗಿ ಹೋಗುವುದಿಲ್ಲ. ಅದು ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಈ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಉರ್ದುವಿನಲ್ಲಿ ಲಿಫಾಫಾ ಎನ್ನಿ, ಕನ್ನಡದಲ್ಲಿ ಲಕೋಟೆ ಎನ್ನಿ. ಮೇಲೆ ವಿಳಾಸ, ಒಳಗೆ ಸರಕು. ಒಂದು ಲಕೋಟೆಯಲ್ಲಿ ಸಾಮಾನ್ಯವಾಗಿ 1500 ಬೈಟ್‌ಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಒಂದೂವರೆ ಲಕ್ಷ ಬೈಟ್‌ಗಳ ಒಂದು ಭಾವಚಿತ್ರ ಕಳಿಸಿದರೆ ನೂರಕ್ಕಿಂತ ಹೆಚ್ಚು ಲಕೋಟೆ ಆಯಿತು.

ಲಕೋಟೆ ಆ ಕಡೆಯ ಕಂಪ್ಯೂಟರ್ ತಲುಪಿದಾಗ ಮೊದಲು ಸಿಗುವುದು ನೆಟ್‌ವರ್ಕ್ ಕಾರ್ಡ್. ಅದು ಲಕೋಟೆಯನ್ನು ಮೆಮೊರಿಯಲ್ಲಿ ಇಟ್ಟು ಪ್ರೊಸೆಸರಿಗೆ ಗಂಟೆ ಬಾರಿಸುತ್ತದೆ. ಈ ಗಂಟೆಗೆ ಇಂಟರಪ್ಟ್ ಎನ್ನುತ್ತಾರೆ. ಉರ್ದು ಬಲ್ಲವರಿಗೆ ಖಲಲ್ ಎಂದರೆ ಅರ್ಥವಾದೀತು. ಗಂಟೆ ಕೇಳಿದ ಕೂಡಲೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸವನ್ನು ಎಲ್ಲಿಗೆ ಬಿಟ್ಟೆ ಎಂದು ಗುರುತು ಹಾಕಿ, ಎದ್ದು ಹೋಗಿ ಲಕೋಟೆ ತೆಗೆದುಕೊಂಡು, ಸಾಲಿನಲ್ಲಿ ಇಟ್ಟು, ಮತ್ತೆ ಹಳೆಯ ಕೆಲಸಕ್ಕೆ ಬರಬೇಕು.

ಶಾಲೆಯ ಪ್ರವೇಶದ ದಿನವನ್ನು ನೆನೆಸಿಕೊಳ್ಳಿ. ಮುಖ್ಯೋಪಾಧ್ಯಾಯರು ಒಬ್ಬರೇ ಇದ್ದಾರೆ. ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆಯಬೇಕಾದವರೂ ಅವರೇ. ಬಾಗಿಲಲ್ಲಿ ಒಂದು ಗಂಟೆ. ಗಂಟೆ ಹೊಡೆದಾಗಲೆಲ್ಲ ಅವರು ಎದ್ದು ಬಂದು ಅರ್ಜಿ ಪಡೆದು ಮೇಜಿನ ಮೇಲೆ ಇಡುತ್ತಾರೆ. ಗಂಟೆಗೆ ಐದು ಜನ ಬಂದರೆ ತೊಂದರೆ ಇಲ್ಲ. ನಿಮಿಷಕ್ಕೆ ಐದು ಜನ ಬಂದರೆ? ಕುಳಿತು ಲೇಖನಿ ಎತ್ತುವಷ್ಟರಲ್ಲಿ ಮತ್ತೆ ಗಂಟೆ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಅರ್ಜಿಗಳ ಗುಡ್ಡ, ಕೆಳಗೆ ಬಿದ್ದು ಕಾಲಿಗೆ ಸಿಕ್ಕ ಅರ್ಜಿಗಳು, ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರೂ ಇಲ್ಲ. ಅವರು ಸೋಮಾರಿಯಲ್ಲ. ದಿನವಿಡೀ ಓಡಾಡಿದ್ದಾರೆ. ಕೆಲಸ ಮಾತ್ರ ಸೊನ್ನೆ.

ಕಂಪ್ಯೂಟರಿನಲ್ಲಿ ಈ ಸ್ಥಿತಿಗೆ ರಿಸೀವ್ ಲೈವ್‌ಲಾಕ್ ಎಂದು ಹೆಸರು. ಯಂತ್ರ ಕೆಟ್ಟಿಲ್ಲ, ನಿಂತಿಲ್ಲ, ಆದರೆ ಬರುವವರನ್ನು ಸ್ವೀಕರಿಸುವುದರಲ್ಲೇ ಅದರ ಆಯುಷ್ಯ ಮುಗಿಯುತ್ತದೆ. ಇದನ್ನು ಚೆನ್ನಾಗಿ ಅಳೆದು ಪರಿಹಾರ ತೋರಿಸಿದವರು ಜೆಫ್ರಿ ಮೊಗಲ್ ಮತ್ತು ಕೆ.ಕೆ. ರಾಮಕೃಷ್ಣನ್ ಎಂಬ ಇಬ್ಬರು ವಿಜ್ಞಾನಿಗಳು. ಅವರ ಪ್ರಬಂಧ 1996ರಲ್ಲಿ ಬಂತು. ವಿದ್ಯಾರ್ಥಿಗಳೆ, ಇಲ್ಲಿ ಒಂದು ಮಾತು ಗಮನಿಸಿ. ರಾಮಕೃಷ್ಣನ್ ಅವರು 1978ರಲ್ಲಿ ಎಂ.ಟೆಕ್. ಪದವಿ ಪಡೆದದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಹಿರಿಯರು ಕರೆಯುವ ಸಂಸ್ಥೆ ಅದೇ. ಅರಸೀಕೆರೆಯಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಅದು ಬಹಳ ದೂರವಿಲ್ಲ.

ಅವರು ಎರಡು ಜಾಲಗಳ ನಡುವೆ ಒಂದು ಕಂಪ್ಯೂಟರನ್ನು ಇಟ್ಟು, ಒಂದು ಕಡೆಯಿಂದ ಬಂದ ಲಕೋಟೆಯನ್ನು ಇನ್ನೊಂದು ಕಡೆಗೆ ದಾಟಿಸುವ ಕೆಲಸ ಕೊಟ್ಟರು. ಆ ಯಂತ್ರ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 4700 ಲಕೋಟೆ ದಾಟಿಸಿತು. ಪ್ರತಿ ಲಕೋಟೆಯನ್ನು ಪರಿಶೀಲಿಸುವ ಒಂದು ಪ್ರೋಗ್ರಾಂ ಸೇರಿಸಿದಾಗ ಸುಮಾರು 2000ಕ್ಕೆ ಇಳಿಯಿತು. ಅಲ್ಲಿಯವರೆಗೂ ಸಹಜವೇ. ಆಶ್ಚರ್ಯ ಮುಂದಿದೆ. ಸೆಕೆಂಡಿಗೆ 6000ದಷ್ಟು ಲಕೋಟೆ ಬರತೊಡಗಿದಾಗ ಆಚೆಗೆ ಹೋದದ್ದು 2000 ಅಲ್ಲ, 1000 ಅಲ್ಲ, ಒಂದೂ ಇಲ್ಲ. ಶಕ್ತಿ ಮೀರಿ ಬಂದರೆ ಶಕ್ತಿ ಇರುವಷ್ಟಾದರೂ ಮಾಡಬೇಕಲ್ಲವೆ? ಅದೂ ಆಗಲಿಲ್ಲ. ಪರಿಶೀಲಿಸುವ ಪ್ರೋಗ್ರಾಮಿಗೆ ಪ್ರೊಸೆಸರ್ ಸಿಗಲೇ ಇಲ್ಲ. ಬಂದದ್ದನ್ನು ಎತ್ತಿಕೊಂಡು, ಸಾಲಿಗೆ ತಂದು, ಜಾಗವಿಲ್ಲವೆಂದು ಅಲ್ಲೇ ಬಿಸಾಡುವುದರಲ್ಲಿ ಕಾಲವೆಲ್ಲ ಕಳೆಯಿತು.

ಪರಿಹಾರವೇನು? ದೊಡ್ಡ ಯಂತ್ರ ತರುವುದಲ್ಲ, ಬಾಗಿಲ ಪದ್ಧತಿಯನ್ನು ಬದಲಾಯಿಸುವುದು. ನಾನು ಅದನ್ನು ಮೂರು ಮಾತಿನಲ್ಲಿ ನೆನಪಿಟ್ಟುಕೊಂಡಿದ್ದೇನೆ.

ಮೊದಲನೆಯದು, ಮೊದಲ ಗಂಟೆ ಕೇಳಿದ ಮೇಲೆ ಗಂಟೆಯನ್ನು ಕಟ್ಟಿಹಾಕು. ಜನ ಬಂದಿದ್ದಾರೆ ಎಂದು ಗೊತ್ತಾಯಿತು. ಇನ್ನು ಪ್ರತಿಯೊಬ್ಬರೂ ಬಾರಿಸಬೇಕಿಲ್ಲ. ಒಳಗಿನವರೇ ಬಾಗಿಲಿಗೆ ಹೋಗಿ ಸಾಲನ್ನು ನೋಡಿ ಕರೆಯಲಿ. ಸಾಲು ಖಾಲಿಯಾದ ಮೇಲೆ ಮತ್ತೆ ಗಂಟೆ ಬಿಚ್ಚಲಿ.

ಎರಡನೆಯದು, ಒಂದು ಸಲಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊ. ಅವರ ಪ್ರಯೋಗದಲ್ಲಿ ಹತ್ತರಿಂದ ಇಪ್ಪತ್ತು ಲಕೋಟೆಗಳ ಮಿತಿ ಚೆನ್ನಾಗಿ ನಡೆಯಿತು. ಅಷ್ಟನ್ನು ಕೊನೆಯವರೆಗೆ ಮುಗಿಸು, ಬಳಿಕ ಉಳಿದ ಕೆಲಸಕ್ಕೂ ಸಮಯ ಕೊಡು, ಆಮೇಲೆ ಮುಂದಿನ ತಂಡ.

ಮೂರನೆಯದು, ಆಗದಿದ್ದರೆ ಬಾಗಿಲಲ್ಲೇ ಆಗದು ಎನ್ನು. ಅರ್ಧ ಕೆಲಸ ಮಾಡಿ ಬಿಸಾಡಬೇಡ. ಒಳಗಿನ ಸಾಲು ಮುಕ್ಕಾಲು ತುಂಬಿದ ಕೂಡಲೆ ಅವರು ಹೊಸ ಲಕೋಟೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಕಾಲುಭಾಗಕ್ಕೆ ಇಳಿದ ಮೇಲೆ ಮತ್ತೆ ಶುರು ಮಾಡಿದರು.

ಈ ಮೂರನೆಯ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಹಳೇಬೀಡಿನ ಹಳೆಯ ಹೆಸರು ದೋರಸಮುದ್ರ, ಅದೂ ಕೆರೆಯಿಂದಲೇ ಬಂದದ್ದು. ಕೆರೆ ಕಟ್ಟಿದವರು ಏರಿ, ತೂಬುಗಳ ಜೊತೆಗೆ ಕೋಡಿಯನ್ನೂ ಇಡುತ್ತಿದ್ದರು. ಹೆಚ್ಚಾದ ನೀರು ಕೋಡಿಯಲ್ಲಿ ಹರಿದು ಹೋಗುತ್ತದೆ. ಅಷ್ಟು ನೀರು ನಮಗೆ ದಕ್ಕಲಿಲ್ಲ ನಿಜ. ಆದರೆ ಕೋಡಿ ಇಲ್ಲದಿದ್ದರೆ ಏರಿಯೇ ಒಡೆದು ಇದ್ದ ನೀರೂ ಹೋಗುತ್ತಿತ್ತು. ಆ ಇಬ್ಬರು ಕಂಪ್ಯೂಟರಿಗೆ ಇಟ್ಟದ್ದೂ ಕೋಡಿಯನ್ನೇ.

ಈ ವಿಚಾರ ಪುಸ್ತಕದಲ್ಲೇ ಉಳಿಯಲಿಲ್ಲ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ಇದನ್ನು ಅಳವಡಿಸುವ ಕೆಲಸವನ್ನು ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೊವ್ ಎಂಬ ಮೂವರು 2001ರಲ್ಲಿ ಪ್ರಕಟಿಸಿದರು. 2002ರಲ್ಲಿ ಬಂದ ಲಿನಕ್ಸ್ 2.4.20ರಲ್ಲಿ ಅದು ಸೇರಿತು. ಅದರ ಹೆಸರು ನ್ಯಾಪಿ. ಅಲ್ಲಿ ಒಂದು ಕಾರ್ಡಿನಿಂದ ಒಂದು ಸರದಿಗೆ ಸಾಮಾನ್ಯವಾಗಿ 64 ಲಕೋಟೆ, ಎಲ್ಲ ಕಾರ್ಡುಗಳಿಂದ ಸೇರಿ ಒಂದು ಸುತ್ತಿಗೆ 300 ಎಂದು ಮಿತಿ. 64ರೊಳಗೆ ಸಾಲು ಮುಗಿದರೆ ಗಂಟೆ ಬಿಚ್ಚುತ್ತಾರೆ. ಮುಗಿಯದಿದ್ದರೆ ಆ ಕಾರ್ಡು ಸರದಿಯ ಕೊನೆಗೆ ಹೋಗಿ ನಿಲ್ಲಬೇಕು, ಪಕ್ಕದವನಿಗೂ ಅವಕಾಶ ಸಿಗಬೇಕು. ಕಾರ್ಡಿನ ಪಾಲಿನ ಜಾಗವೂ ತುಂಬಿಹೋದರೆ ಪ್ರೊಸೆಸರಿಗೆ ಕಾಟ ಕೊಡದೆ ಕಾರ್ಡೇ ಲಕೋಟೆಯನ್ನು ಬಿಟ್ಟುಬಿಡುತ್ತದೆ. ಜನ ಕಡಿಮೆ ಇದ್ದಾಗ ಮಾತ್ರ ಹಳೆಯ ಪದ್ಧತಿಯೇ: ಗಂಟೆ ಹೊಡೆದ ಕೂಡಲೆ ಬಾಗಿಲು ತೆರೆಯುತ್ತದೆ. ಹೀಗಾಗಿ ಒಬ್ಬಂಟಿಯಾಗಿ ಬಂದವನು ಕಾಯಬೇಕಿಲ್ಲ, ಸಂತೆ ಸೇರಿದಾಗ ಯಂತ್ರ ಕುಸಿಯುವುದೂ ಇಲ್ಲ.

ಇದು ಎಷ್ಟು ಬೇಕಾಗಿತ್ತು ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಅತಿ ಸಣ್ಣ ಲಕೋಟೆಗಳೇ ಬಂದರೆ ಸೆಕೆಂಡಿಗೆ 10 ಮೆಗಾಬಿಟ್‌ನ ಹಳೆಯ ಈಥರ್‌ನೆಟ್ ತಂತಿಯಲ್ಲಿ 14,880 ಲಕೋಟೆ ಬರಬಹುದು. 1 ಗಿಗಾಬಿಟ್‌ನಲ್ಲಿ ಅದು 14.88 ಲಕ್ಷ. 10 ಗಿಗಾಬಿಟ್‌ನಲ್ಲಿ 1.488 ಕೋಟಿ. ಅಂದರೆ ಒಂದು ಲಕೋಟೆಗೆ ಸಿಗುವ ಸಮಯ 67 ನ್ಯಾನೊಸೆಕೆಂಡು. ಅದಕ್ಕಾಗಿ ಮುಂದೆ ಇನ್ನೂ ಹಲವು ಉಪಾಯಗಳು ಬಂದವು. ಒಂದೇ ಕಡೆಯಿಂದ ಸಾಲಾಗಿ ಬಂದ ಲಕೋಟೆಗಳನ್ನು ಒಂದೇ ಕಟ್ಟಾಗಿ ಕಟ್ಟಿ ಮೇಲಕ್ಕೆ ಕಳಿಸುವುದು 2009ರಲ್ಲಿ ಬಂತು. ಬಂದ ಲಕೋಟೆಗಳನ್ನು ಹಲವು ಪ್ರೊಸೆಸರುಗಳಿಗೆ ಹಂಚುವುದು 2010ರಲ್ಲಿ ಸೇರಿತು. ಬೇಡದ ಲಕೋಟೆಯನ್ನು ಹೊಸ್ತಿಲಲ್ಲೇ ಬಿಡುವ ಎಕ್ಸ್‌ಡಿಪಿ 2016ರಲ್ಲಿ ಬಂತು. ಹೆಸರುಗಳು ಬೇರೆ ಬೇರೆ, ತಿರುಳು ಒಂದೇ: ಪ್ರತಿ ಲಕೋಟೆಗೂ ಆಗುವ ಅನವಶ್ಯಕ ಖರ್ಚನ್ನು ಕಡಿಮೆ ಮಾಡು, ಬಿಡಬೇಕಾದದ್ದನ್ನು ಬೇಗ ಬಿಡು.

ಇದರಿಂದ ಎಲ್ಲ ಕಷ್ಟವೂ ತೀರಿತು ಎನ್ನಲಾರೆ. ಬಾಗಿಲು ಎಷ್ಟೇ ಚೆನ್ನಾಗಿದ್ದರೂ ಒಳಗಿನ ಗುಮಾಸ್ತನ ಪುಸ್ತಕ ಅಸ್ತವ್ಯಸ್ತವಾಗಿದ್ದರೆ ಅರ್ಜಿ ಅಲ್ಲಿ ನಿಲ್ಲುತ್ತದೆ. ಕೊನೆಯ ದಿನ ಲಕ್ಷ ಜನ ಬರುತ್ತಾರೆ ಎಂದು ಮೊದಲೇ ಎಣಿಸಿ ಸಿದ್ಧವಾಗುವುದು ಯಂತ್ರದ ಕೆಲಸವಲ್ಲ, ಮನುಷ್ಯರ ಕೆಲಸ.

ಇನ್ನು ನಮಗೆ ಇದರಲ್ಲಿ ಏನಿದೆ? ಅಂದು ನಾನು ಆ ಹುಡುಗಿಗೆ "ಮತ್ತೆ ಒತ್ತಮ್ಮ" ಎಂದೆನಲ್ಲ, ಅದು ಗಂಟೆಯನ್ನು ಮತ್ತೆ ಮತ್ತೆ ಬಾರಿಸಿದಂತೆ. ಪ್ರತಿ ಒತ್ತಿಗೂ ಹೊಸ ಲಕೋಟೆಗಳು ಹೊರಟು ನೂಕುನುಗ್ಗಲನ್ನು ಹೆಚ್ಚಿಸುತ್ತವೆ. ಪಕ್ಕದಲ್ಲಿ ಕುಳಿತ ಮೇಷ್ಟ್ರೇ ತಪ್ಪು ಹೇಳಿಕೊಟ್ಟಂತಾಯಿತು. ಆದ್ದರಿಂದ ವಿದ್ಯಾರ್ಥಿಗಳೆ, ಚಕ್ರ ತಿರುಗುವಾಗ ಸ್ವಲ್ಪ ತಾಳ್ಮೆಯಿಂದಿರಿ. ಕೊನೆಯ ದಿನಕ್ಕೆ ಕಾಯಬೇಡಿ. ಅರ್ಜಿ ಹೋಗದಿದ್ದರೆ ನಿಮ್ಮನ್ನು ನೀವು ದಡ್ಡರೆಂದು ತಿಳಿಯಬೇಡಿ.

ಇನ್ನೊಂದು ಮಾತು. ಲಿನಕ್ಸಿನ ಮೂಲ ಬರಹ ಯಾರು ಬೇಕಾದರೂ ಓದಬಹುದಾದದ್ದು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸಿನ ತಿರುಳೇ. ಲಿನಕ್ಸ್ ಇರುವ ಕಂಪ್ಯೂಟರ್ ಸಿಕ್ಕರೆ ಪ್ರಾಕ್ ಎಂಬ ಕೋಶದೊಳಗಿನ ಇಂಟರಪ್ಟ್ಸ್ ಎಂಬ ಕಡತವನ್ನು ತೆರೆದು ನೋಡಿ. ಯಾವ ಸಾಧನ ಎಷ್ಟು ಸಲ ಗಂಟೆ ಬಾರಿಸಿದೆ ಎಂಬ ಎಣಿಕೆ ಅಲ್ಲಿದೆ. ಒಂದು ವಿಡಿಯೊ ಇಳಿಸಿಕೊಳ್ಳುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ಬರೆದುಕೊಂಡು ಹೋಲಿಸಿ. ಆ ಇಬ್ಬರು ವಿಜ್ಞಾನಿಗಳು ಶುರು ಮಾಡಿದ್ದೂ ಹೀಗೆ, ಎಣಿಸುವುದರಿಂದಲೇ. ಉರ್ದು ಮಾಧ್ಯಮದಲ್ಲಿ ಓದಿದೆ, ಸಣ್ಣ ಊರಿನಿಂದ ಬಂದೆ ಎಂಬ ಕಾರಣಕ್ಕೆ ಆ ಕಡತ ನಿಮಗೆ ತೆರೆಯದೆ ಇರುವುದಿಲ್ಲ.

ಆ ಹುಡುಗಿಗೆ ಮರುವರ್ಷ ವಿದ್ಯಾರ್ಥಿವೇತನ ಸಿಕ್ಕಿತು. ಅವಳು ಈಗ ಬಿ.ಎಸ್‌ಸಿ. ಮುಗಿಸಿದ್ದಾಳೆ. ಈಚೆಗೆ ಬೇಲೂರಿನಲ್ಲಿ ಒಂದು ಮದುವೆಯಲ್ಲಿ ಅವಳ ತಂದೆ ಸಿಕ್ಕರು. ಈ ಲಕೋಟೆ, ಗಂಟೆಗಳ ಕಥೆಯನ್ನೆಲ್ಲ ಅವರಿಗೂ ಹೇಳಿದೆ. ಕೇಳಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವತ್ತು ಅವಳ ತಪ್ಪಿರಲಿಲ್ಲ ಅನ್ನಿ ಮೇಷ್ಟ್ರೆ" ಎಂದರು. "ಇರಲಿಲ್ಲ. ಇದನ್ನು ನಾನು ಅವತ್ತೇ ಬಸ್ ನಿಲ್ದಾಣದಲ್ಲಿ ಹೇಳಬೇಕಿತ್ತು" ಎಂದೆ. ಅವರು ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿದರು.